ದುರಸ್ತಿಗೆ ಮೀರಿದ ಆರು ಕುರ್ಚಿಗಳು

ವೈನಿಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಂದು ಬಣ್ಣದ್ದಾಗಿರುತ್ತಿತ್ತು. ಮದುವೆ ಮನೆಯಲ್ಲಿ ಅಕ್ಷತೆ ಹಿಡಿದ ಕೈಯಲ್ಲೂ ಅದೇ ಉಗುರು, ಅದರ ಸುತ್ತಲಿನ ಸೀಳುಗಳಲ್ಲಿ ಒಣಗಿದ ಅರಗಿನ ಪಾಲಿಶ್. ಸ್ಪಿರಿಟ್ ಹಚ್ಚಿ ತೊಳೆಯಿರಿ ಎಂದು ಎಷ್ಟು ಸಲ ಹೇಳಿದೆನೋ. ನಾಳೆ ಮತ್ತೆ ಹತ್ತುವುದಕ್ಕೆ ಇವತ್ತೇಕೆ ತೊಳೆಯಬೇಕು ಎನ್ನುತ್ತಿದ್ದರು. ನಾನಾದರೋ ದಿನಾ ಸ್ನಾನ ಮಾಡುವವನು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಮೂಲ ಕಲಬುರಗಿ ಜಿಲ್ಲೆ. ಅಣ್ಣ ಬ್ಯಾಂಕಿನ ವರ್ಗಾವಣೆಯ ಮೇಲೆ ಸಂಭಾಜಿನಗರಕ್ಕೆ ಹೋಗಿ ಅಲ್ಲೇ ನೆಲೆಯಾದ. ನಾನು ನಾಶಿಕದಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರ ಉಗ್ರಾಣ ನೋಡಿಕೊಂಡು ಅಲ್ಲೇ ನಿವೃತ್ತನಾದೆ. ಅಕ್ಕಪಕ್ಕದ ಮರಾಠಿ ಹೆಂಗಸರು ಮೈದುನನನ್ನು ಕರೆಯುವುದನ್ನು ಕೇಳಿ ಕೇಳಿ ವೈನಿ ನನ್ನನ್ನು ಭಾವೋಜಿ ಎಂದೇ ಕರೆಯುತ್ತಿದ್ದರು.

ಅಣ್ಣ ತೀರಿಕೊಂಡ ಮೇಲೆ ಅವರಿಗೆ ಹಳೆಯ ಕುರ್ಚಿಗಳ ಹುಚ್ಚು ಹಿಡಿಯಿತು. ಅರವತ್ತರ ದಶಕದ, ಓರೆಯಾಗಿ ಚಾಚಿದ ಕಾಲುಗಳ, ಬೆತ್ತದ ಬೆನ್ನಿನ ಸಾಗವಾನಿ ಕುರ್ಚಿಗಳು. ಈಗಿನವರು ಇವಕ್ಕೊಂದು ಇಂಗ್ಲಿಷ್ ಹೆಸರಿಟ್ಟು ಮುಂಬಯಿಯ ಅಂಗಡಿಗಳಲ್ಲಿ ಗಾಜಿನ ಹಿಂದೆ ನಿಲ್ಲಿಸುತ್ತಾರಂತೆ. ಮೂವತ್ತು ವರ್ಷ ಅಂಥದೇ ಕುರ್ಚಿಯಲ್ಲಿ ಕೂತು ಸೊಂಟ ಕೆಡಿಸಿಕೊಂಡ ನನಗೆ ಅವುಗಳಲ್ಲಿ ಚೆಂದವೇನೂ ಕಾಣಲಿಲ್ಲ.

ಪ್ರತಿ ತಿಂಗಳ ಎರಡನೇ ಶನಿವಾರ ಅವರು ನಾಶಿಕಕ್ಕೆ ಬರುವುದು, ನಾನು ನನ್ನ ಗಾಡಿಯಲ್ಲಿ ಅವರನ್ನು ಗುಜರಿ ಅಂಗಡಿಗಳಿಗೆ ಸುತ್ತಿಸುವುದು ಎಂದು ನಿಗದಿಯಾಯಿತು. ಹತ್ತಕ್ಕೆ ಬರುತ್ತೇನೆಂದವರು ಹನ್ನೆರಡೂವರೆಗೆ ಇಳಿಯುತ್ತಿದ್ದರು. ದಾರಿಯಲ್ಲಿ ಯಾರದೋ ಅಂಗಳದಲ್ಲಿ ಮಂಚ ಕಂಡಿತೆಂದು ಬಸ್ಸನ್ನೇ ಬಿಟ್ಟು ಇಳಿದಿರುತ್ತಿದ್ದರು. ನಾಲ್ಕೂವರೆಗೆ ಎದ್ದು ಹನ್ನೆರಡಕ್ಕೆ ಊಟ ಮುಗಿಸುವ ನಾನು ಬಸ್ ನಿಲ್ದಾಣದಲ್ಲಿ ಹಸಿದು ನಿಂತಿರುತ್ತಿದ್ದೆ. ನಮ್ಮ ಮನೆಯವಳಿಗೆ ಮಾತ್ರ ಆ ದಿನ ಬಲು ಇಷ್ಟ. ನಾನು ಮನೆಯಲ್ಲಿ ಇರುವುದಿಲ್ಲ ಎಂಬುದೇ ಕಾರಣ ಎಂದು ಅವಳೇ ಹೇಳಿದ್ದಳು.

ಅಂಗಡಿಗೆ ಹೋದರೆ ವೈನಿ ಕುರ್ಚಿಯ ಮೇಲ್ಭಾಗ ನೋಡುತ್ತಲೇ ಇರಲಿಲ್ಲ. ಮೊದಲು ಅದನ್ನು ತಲೆಕೆಳಗು ಮಾಡುವುದು, ಸೆರಗು ಸಿಕ್ಕಿಸಿ ಧೂಳಿನಲ್ಲಿ ಕೂಡುವುದು, ಕಾಲು ಸೇರುವ ಜಾಗಕ್ಕೆ ಆ ಉಗುರನ್ನು ಒತ್ತಿ ನೋಡುವುದು. ಹೀಗೆಯೇ ಒಂದು ದಿನ ನಾಶಿಕದ ಗುಜರಿಯಲ್ಲಿ ಕುರ್ಚಿಯೊಂದನ್ನು ಮಗುಚಿ ನನ್ನನ್ನು ಕೈ ಮಾಡಿ ಕರೆದರು.

“ಭಾವೋಜಿ, ಇದು ನಿಮ್ದೇ ಸಹಿ ಹೌದಲ್ಲರಿ?”

ನನ್ನದೇ. ಬಿಳಿ ಬಣ್ಣದ ಕಚೇರಿಯ ನಂಬರು, ಕೆಳಗೆ ಕೆಂಪು ಪೆನ್ಸಿಲಿನಲ್ಲಿ ‘ದುರಸ್ತಿಗೆ ಮೀರಿದ್ದು’ ಎಂದು ಇಂಗ್ಲಿಷಿನ ಎರಡು ಮಾತು, ಅದರ ಕೆಳಗೆ ನನ್ನ ಸಹಿ. ಹರಾಜಿಗೆ ಹಾಕುವ ಸಾಮಾನಿಗೆ ಗುರುತು ಹಾಕಿದರೆ ಸಾಕಿತ್ತು. ಆದರೆ ಮುರಿದದ್ದರ ಜಾಗದಲ್ಲಿ ಒಳ್ಳೆಯದನ್ನು ಸಾಗಿಸುವವರು ಇದ್ದರು, ಹಾಗಾಗಿ ನಾನು ಒಂದೊಂದರ ತಳಕ್ಕೂ ಸಹಿ ಹಾಕುತ್ತಿದ್ದೆ. ಆ ಸಲ ಒಟ್ಟು ಆರು ಕುರ್ಚಿ.

ಏನಾಗಿತ್ತು ಇದಕ್ಕೆ ಎಂದು ವೈನಿ ಕೇಳಿದರು. ಅಲುಗಾಡುತ್ತಿತ್ತು ಎಂದೆ. ಅವರು ಅದನ್ನು ಮನೆಗೆ ಒಯ್ದು, ಗಾಜಿನ ಚೂರಿನಿಂದ ಹಸಿರು ಬಣ್ಣ ಕೆರೆದು, ಬಿಸಿನೀರಿನಲ್ಲಿ ಹಳೆಯ ಅಂಟು ಸಡಿಲಿಸಿ, ಒಂದು ಬೆಣೆ ಹೊಡೆದು, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿ ನಿಲ್ಲಿಸಿದರು. ಬಟ್ಟೆಯುಂಡೆಯಿಂದ ಅರಗು ತೀಡಿ ತೀಡಿ ಹೊಳಪು ತಂದರು. ಮುಂದಿನ ತಿಂಗಳು ನನ್ನನ್ನು ಕರೆಸಿ ಅದರ ಮೇಲೆ ಕೂಡಿಸಿದರು. ಅಲುಗಲಿಲ್ಲ. ಆಮೇಲೆ ನನ್ನನ್ನು ಎಬ್ಬಿಸಿ ಕುರ್ಚಿ ಮಗುಚಿದರು. ನನ್ನ ಸಹಿಯನ್ನು ಅಳಿಸಿರಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ, ‘ಒಂದು ಬೆಣೆ, ಸ್ವಲ್ಪ ಅಂಟು’ ಎಂದು ಕನ್ನಡದಲ್ಲಿ ಬರೆದಿದ್ದರು.

ತಾರೀಖು ಇಲ್ಲದ ಟಿಪ್ಪಣಿಗೆ ಬೆಲೆಯಿಲ್ಲ ಎಂದೆ ನಾನು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತಾರೀಖು ಹಾಕಿದರು.

ಅಲ್ಲಿಂದ ಉಳಿದ ಐದರ ಬೇಟೆ. ಇನ್ನೆರಡು ಅದೇ ಗುಜರಿಯಲ್ಲಿ ಸಿಕ್ಕವು. ಮತ್ತೆರಡನ್ನು ನಮ್ಮ ಕಚೇರಿಯ ಎದುರು ಚಹಾ ಮಾರುತ್ತಿದ್ದವನು ಒಯ್ದಿದ್ದನೆಂದೂ ಅವನೀಗ ವೈನಿಯ ಊರಿನ ಹೊರಗೆ ದೌಲತಾಬಾದ್ ರಸ್ತೆಯಲ್ಲಿ ಹೋಟೆಲು ಇಟ್ಟಿದ್ದಾನೆಂದೂ ತಿಳಿಯಿತು. ಆತ ಗಲ್ಲಾಪೆಟ್ಟಿಗೆಯ ಹಿಂದೆ ಅದರಲ್ಲೊಂದರ ಮೇಲೆಯೇ ಕೂತಿದ್ದ. ವೈನಿ ನಮಸ್ಕಾರ ಮಾಡಿ ಒಂದು ನಿಮಿಷ ಏಳಿ ಎಂದರು. ಅವನು ಎದ್ದ. ಗಿರಾಕಿಗಳು ತುತ್ತು ಕೈಯಲ್ಲಿ ಹಿಡಿದು ನೋಡುತ್ತಿರುವಾಗ ಕುರ್ಚಿ ಮಗುಚಿ, ನನ್ನ ಸಹಿಯನ್ನು ಅವನಿಗೆ ತೋರಿಸಿ, ನನ್ನನ್ನೂ ತೋರಿಸಿ, ಇದನ್ನು ಹಾಳಾಗಿದೆ ಎಂದವರು ಇವರೇ ಎಂದು ಹಿಂದಿಯಲ್ಲಿ ಪರಿಚಯ ಮಾಡಿಕೊಟ್ಟರು. “ಸಾಹೇಬ್, ಮೈ ತೋ ರೋಜ್ ಬೈಠತಾ ಹೂಂ” ಎಂದ ಅವನು, ಪಾಪ, ಗಾಬರಿಯಿಂದ; ದಿನಾ ಅದರ ಮೇಲೆಯೇ ಕೂಡುತ್ತಿದ್ದನಂತೆ. ಎರಡು ಹೊಸ ಕುರ್ಚಿ ಕೊಟ್ಟು ಎರಡು ಹಳೆಯವನ್ನು ತಂದೆವು. ಹೊತ್ತವನು ನಾನು.

ಐದೂ ಗಟ್ಟಿಯಾಗಿ ನಿಂತವು. ಐದರ ತಳದಲ್ಲೂ ನನ್ನ ಸಹಿ, ಕೆಳಗೆ ಅವರ ಟಿಪ್ಪಣಿ, ತಾರೀಖು. ಸರ್ವಿಸಿನಲ್ಲಿ ಒಂದೂ ತಪ್ಪು ಸಹಿ ಹಾಕಿಲ್ಲ ಎಂದು ಹೇಳಿಕೊಂಡು ಬಂದವನಿಗೆ ಇದು ಸಣ್ಣ ಮಾತಲ್ಲ. ಆದರೆ ಆರರಲ್ಲಿ ಒಂದು ನಿಜವಾಗಿಯೂ ಕೆಟ್ಟುಹೋಗಿತ್ತು. ಗುಮಾಸ್ತನೊಬ್ಬ ಅದರ ಮೇಲಿಂದ ಬಿದ್ದದ್ದು ನನಗೆ ನೆನಪಿದೆ. ಆ ಆರನೆಯದು ಸಿಗಲಿ, ಆಗ ಗೊತ್ತಾಗುತ್ತದೆ ಎಂದೆ.

“ಸಿಗ್ಲಿ ಭಾವೋಜಿ. ನೀವು ಖರೇ ಆದ್ರ ನಾನೇ ಬರದು ಕೊಡ್ತೀನ್ರಿ.”

ಅದಕ್ಕಾಗಿ ಎಷ್ಟು ಶನಿವಾರ ಹೋದವು! ಅವರ ಊರಿನ ಕಡೆಗೂ ಹೋಗಿ ಪೈಠಣದ ಹಳೆಯ ವಾಡೆಗಳ ಅಟ್ಟ ಹತ್ತಿದೆವು. ವೇರೂಳಿನ ಗುಹೆಗಳ ದಾರಿಯಲ್ಲಿ ಬಾಗಿಲು ಮುಚ್ಚಿದ ಲಾಜಿಂಗ್ ಒಂದರ ಹಿತ್ತಲು ಹುಡುಕಿದೆವು. ಪ್ರತಿ ಅಂಗಡಿಯಲ್ಲೂ ನನಗಿಂತ ಮೊದಲೇ ವೈನಿ ಆರನೆಯ ಕುರ್ಚಿಯ ಮಾತು ತೆಗೆಯುತ್ತಿದ್ದರು. ಇಲ್ಲ ಎಂದರೆ ಮುಖ ಸಣ್ಣದು ಮಾಡಿಕೊಂಡು, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಯಾವತ್ತೂ ಹೊತ್ತಿಗೆ ಸರಿಯಾಗಿ ಊಟವಾಗಲಿಲ್ಲ.

ಕಳೆದ ವರ್ಷ ಅವರು ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಆ ಉಗುರು ಮೊದಲ ಸಲ ಬೆಳ್ಳಗಾಗಿತ್ತು. ಆರನೇದು ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂದೆ.

“ಬಿಡಬ್ಯಾಡ್ರಿ ಮತ್ತ. ಒಬ್ರೇ ಆದ್ರೂ ಹೋಗ್ರಿ.”

ಹೋದೆ. ಎರಡನೇ ಶನಿವಾರ, ಹತ್ತು ಗಂಟೆಗೆ ಸರಿಯಾಗಿ, ಒಬ್ಬನೇ. ಹನ್ನೆರಡಕ್ಕೆ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅದರ ಮುಂದಿನ ವಾರ ವೈನಿ ಹೋದರು.

ಸೂತಕದ ದಿನಗಳು ಮುಗಿದ ಮೇಲೆ ಅವರ ಮಗಳು, ಕನ್ನಡ ತಿಳಿದರೂ ಮರಾಠಿಯಲ್ಲೇ ಮಾತಾಡುವವಳು, “ಕಾಕಾ, ಯಾದಿ ತುಮ್ಹೀಚ್ ಕರಾ” ಎಂದು ಮನೆಯ ಸಾಮಾನಿನ ಪಟ್ಟಿಯನ್ನು ನನಗೇ ಒಪ್ಪಿಸಿದಳು. ಒಂದೊಂದೇ ಕೋಣೆ ಬರೆದುಕೊಂಡು ಬಂದೆ. ಬಚ್ಚಲಿನ ಮೇಲಿನ ಅಟ್ಟದಲ್ಲಿ ಹಳೆಯ ಚಾದರದಲ್ಲಿ ಸುತ್ತಿದ ಒಂದು ಗಂಟು ಇತ್ತು. ಇಳಿಸಿ ಬಿಚ್ಚಿದೆ: ಒಂದು ಕುರ್ಚಿ. ಮೊದಲು ಮಗುಚಿದೆ. ಕಾಲುಗಳೊಳಗೆ ಗೆದ್ದಲು ತಿಂದು ರವೆ ಮಾಡಿತ್ತು; ಮುಟ್ಟಿದರೆ ಉದುರುತ್ತಿತ್ತು. ಚೌಕಟ್ಟಿನ ಮೇಲೆ ನನ್ನ ಸಹಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಅವರ ಅಕ್ಷರ: ‘ಇದೊಂದು ಭಾವೋಜಿ ಖರೇ.’

ತಾರೀಖು ನೋಡಿದೆ. ಎರಡು ವರ್ಷದ ಹಿಂದಿನದು.

ಎರಡು ವರ್ಷ ಈ ಹೆಂಗಸು ನನ್ನನ್ನು ಅಟ್ಟ ಹತ್ತಿಸಿದ್ದರು, ಹಿತ್ತಲು ಸುತ್ತಿಸಿದ್ದರು, ಹಸಿವಿನಲ್ಲಿ ಕಾಯಿಸಿದ್ದರು, ಆಸ್ಪತ್ರೆಯ ಮಂಚದ ಮೇಲಿಂದಲೂ ಕಳಿಸಿದ್ದರು. ಸಿಟ್ಟಿನಿಂದ ಆ ತಾರೀಖನ್ನು ಇನ್ನೊಮ್ಮೆ ಓದಿದೆ. ಒಂದು ಕಡತ ಮುಗಿಯಿತೆಂದರೆ ನಾನು ಅದನ್ನು ಮತ್ತೆ ತೆಗೆಯುವವನಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆರನೆಯದು ಸಿಕ್ಕಿತೆಂದಿದ್ದರೆ ಎರಡನೇ ಶನಿವಾರಗಳೂ ಅಲ್ಲಿಗೇ ಮುಗಿಯುತ್ತಿದ್ದವು.

ಐದು ಕುರ್ಚಿಗಳನ್ನು ಪಟ್ಟಿಯಲ್ಲಿ ಬರೆದು ‘ಉತ್ತಮ ಸ್ಥಿತಿ’ ಎಂದು ನಮೂದಿಸಿ ಮಗಳಿಗೆ ಒಪ್ಪಿಸಿದೆ. ಆರನೆಯದಕ್ಕೆ ಗೆದ್ದಲಿನ ಔಷಧ ಹೊಡೆಸಿ ನಾಶಿಕಕ್ಕೆ ತಂದೆ. ಅದರ ಮೇಲೆ ಯಾರು ಕೂಡಬೇಕು ಎಂದು ಮನೆಯವಳು ಕೇಳಿದಳು. ಯಾರೂ ಕೂಡಬಾರದು ಎಂದೆ. ಈಗ ಅದು ನಡುಮನೆಯ ಗೋಡೆಗೆ ಒರಗಿ, ನಾನು ಸಾಲಾಗಿ ಜೋಡಿಸಿದ್ದನ್ನೆಲ್ಲ ಕೆಡಿಸಿಕೊಂಡು ನಿಂತಿದೆ. ಮೂವತ್ತು ವರ್ಷ ಉಗ್ರಾಣ ನೋಡಿಕೊಂಡವನು ನಾನು. ಪಟ್ಟಿಯಲ್ಲಿ ಬರೆಯದೆ ಮನೆಗೆ ತಂದ ಸಾಮಾನು ಅದೊಂದೇ.