ನಮ್ಮ ಭಾವ ಟರ್ಬೈನು ಆರಿಸಿದ್ದು

ನಮ್ಮ ಭಾವ ಶಂಭುಲಿಂಗಯ್ಯನವರಿಗೆ ಆತುರ ಎಂದರೇನೆಂದು ಗೊತ್ತಿಲ್ಲ. ಅವರದು ಕೊಬ್ಬರಿ ಮಾಡುವ ಮನೆತನ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯುವುದು ಅವರ ಕಸುಬು. ನಡುವೆ ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಬೇಕು. ಒಳಗೆ ಉಂಡೆ ಗಡಗಡ ಉರುಳಿದರೆ ಇಳಿಸಬೇಕು, ಇಲ್ಲದಿದ್ದರೆ ಅಲ್ಲೇ ಇಟ್ಟು ಬರಬೇಕು. ಭಾವ ಇಡೀ ಪ್ರಪಂಚವನ್ನೇ ಹೀಗೆ ಅಲುಗಾಡಿಸಿ ನೋಡಿ ಅಲ್ಲೇ ಇಟ್ಟು ಬರುವ ಮನುಷ್ಯ. ನನ್ನ ಅಕ್ಕ ವಿಮಲಮ್ಮನನ್ನು ನೋಡಲು ಬಂದು ಹೋದವರು ಒಪ್ಪಿಗೆ ಹೇಳಿ ಕಳಿಸಲು ಒಂದು ಮಳೆಗಾಲ ತೆಗೆದುಕೊಂಡರು ಎಂದು ನಮ್ಮಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ನಾನು ರೇಣುಕಪ್ರಸಾದ್. ತುರುವೇಕೆರೆಯಲ್ಲಿ ಪೈಪು, ಮೋಟರು ಮಾರುವ ಅಂಗಡಿ ಇಟ್ಟಿದ್ದೇನೆ. ನನಗೆ ಆತುರವೂ ಇದೆ, ಸಿಟ್ಟೂ ಇದೆ. ಎರಡನ್ನೂ ಭಾವನ ಮೇಲೆ ಸಾಕಷ್ಟು ಖರ್ಚು ಮಾಡಿದ್ದೇನೆ.

ಭಾವನ ತೋಟ ಇರುವುದು ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಬುಡದಲ್ಲಿ. ತೋಟದ ತಲೆಗೆ ಒಂದು ಬಂಡೆ. ಮಘೆ ಮಳೆ ಹಿಡಿದರೆ ಗುಡ್ಡದ ನೀರೆಲ್ಲ ಆ ಬಂಡೆಯ ಮೇಲಿಂದ ಭಾವನ ಹಿಡುವಳಿಯೊಳಕ್ಕೇ ಬೀಳುತ್ತದೆ. ಸ್ವಾತಿ ಮಳೆ ಕಳೆದು ಸ್ವಲ್ಪ ದಿನಕ್ಕೆ ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ರೂಢಿಯೇ ಹೊರತು ಮೇಲಿಂದ ಬೀಳುವುದನ್ನು ನೋಡಿ ರೂಢಿಯಿಲ್ಲ. ಹಾಗಾಗಿ ಊರಿನವರು ಭಾವನಿಗೆ ಫಾಲ್ಸ್ ಶಂಭಣ್ಣ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿಗೂ ಅವರು ಇನ್ನೂ ಒಪ್ಪಿಗೆ ಹೇಳಿಲ್ಲ.

ನೀರಿನ ಜೊತೆಗೆ ತಂಡಿಯೂ ಬರುತ್ತದೆ. ಮಳೆಗಾಲದಲ್ಲಿ ಆ ಮನೆಯ ಅಟ್ಟಕ್ಕೆ ಶೀತ ಹತ್ತಿದರೆ ಕಾಯಿ ಕೊಳೆಯುತ್ತವೆ. ಅದಕ್ಕೆ ಅಟ್ಟದ ಕೆಳಗೆ ಒಣ ತೆಂಗಿನ ಸಿಪ್ಪೆ ಹಾಕಿ ಕಾವು ಕೊಡುವುದು ಅವರ ಮನೆಯ ಪದ್ಧತಿ. ಉರಿ ಏಳಬಾರದು, ಬೆಂಕಿ ಆರಲೂ ಬಾರದು. ಅತ್ತೆಯಿಂದ ಕಲಿತು, ಮದುವೆಯಾಗಿ ಹೋದಾಗಿನಿಂದ ಅದನ್ನು ಮಾಡುತ್ತಿದ್ದವಳು ಅಕ್ಕ. ಒಮ್ಮೆ ಅವಳು ತವರಿಗೆ ಬಂದಿದ್ದಾಗ ಭಾವ ತಾವೇ ಸಿಪ್ಪೆ ಹಾಕಿ, ಉರಿ ಎದ್ದು, ಅಟ್ಟದ ತೊಲೆ ಒಂದು ಕಡೆ ಕರಿಕಲಾಯಿತು. ಆಮೇಲೆ ಅಕ್ಕ ಅವರನ್ನು ಆ ಕೋಣೆಗೇ ಬಿಟ್ಟುಕೊಳ್ಳಲಿಲ್ಲ. ಬೆಂಕಿಯ ಜೊತೆ ಹೊಗೆ ಇರುತ್ತದೆ, ಹೊಗೆಯ ಜೊತೆ ಕೆಮ್ಮು. ಮೊದಲು ಮಳೆಗಾಲದಲ್ಲಿ ಮಾತ್ರ ಕೆಮ್ಮುತ್ತಿದ್ದಳು, ಆಮೇಲೆ ಬೇಸಿಗೆಯಲ್ಲೂ ಶುರುವಾಯಿತು. ತಿಪಟೂರಿನ ಡಾಕ್ಟರು ಎದೆ ಪರೀಕ್ಷೆ ಮಾಡಿ, ಇನ್ನು ಹೊಗೆ ಕುಡಿಯುವ ಹಾಗಿಲ್ಲ ಎಂದರು. ಅಕ್ಕ, "ಹೂಂ ಸಾ" ಎಂದು ಮಾತ್ರೆ ತಂದಳು. ಮಳೆ ಬಂದ ದಿನ ಸಿಪ್ಪೆ ಹಾಕಲು ಕೂತಳು.

ಅದಾಗಿ ಒಂದು ವಾರಕ್ಕೆ ಭಾವ ನನ್ನ ಅಂಗಡಿಗೆ ಬಂದರು.

"ಪ್ರಸಾದ, ನೀರಲ್ಲಿ ಕರೆಂಟ್ ತೆಗೀತಾರಲ್ಲ, ಅದರಲ್ಲಿ ಚಿಕ್ಕದು ಸಿಕ್ತದಾ?" ಎಂದರು.

ನಾನು ನಕ್ಕೆ. "ಮಳೆಗಾಲದಲ್ಲಿ ಮೋಟರೇ ಹಾಕಂಗಿಲ್ಲ, ಕರೆಂಟ್ ತಗಂಡು ಏನ್ ಮಾಡ್ತೀರಾ ಭಾವ? ಊರಿಗೆಲ್ಲ ಲೈಟ್ ಹಾಕ್ಸ್ತೀರಾ?"

"ನೋಡಾನ ಬುಡು," ಎಂದರು. ಅವರು ಹಾಗಂದರೆ ಆ ಮಾತು ಅಟ್ಟ ಸೇರಿತು ಎಂದೇ ಅರ್ಥ.

ಆದರೂ ಗಿರಾಕಿ ಗಿರಾಕಿಯೇ. ವಿಚಾರಿಸಿ ನಯನ ಎಂಬ ಹುಡುಗಿಯನ್ನು ಕರೆಸಿದೆ. ಸಣ್ಣ ಟರ್ಬೈನು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಇಂಜಿನಿಯರು. ಬಂಡೆಯ ಹತ್ತಿರ ನಿಂತು ನೀರು ಎಷ್ಟು ಬರುತ್ತದೆ ಎಂದು ಕೇಳಿದಳು.

"ಮುನ್ನೂರು ಮರದ ನೀರು ಕಣಮ್ಮ," ಎಂದರು ಭಾವ.

"ಸೆಕೆಂಡಿಗೆ ಎಷ್ಟು ಲೀಟರ್ ಸರ್?"

"ಅದು ಗೊತ್ತಿಲ್ಲ. ಮುನ್ನೂರು ಮರ ಕುಡಿದು ಮಿಕ್ತದೆ."

ಎತ್ತರ ಎಷ್ಟು ಎಂದಳು. ಒಂದು ಮರ, ಅದರ ಮೇಲೆ ಅರ್ಧ ಮರ ಎಂದರು. ಯಾವ ಮರ ಎಂದು ಅವಳು ಕೇಳಿದ್ದಕ್ಕೆ ಭಾವ ನಿಜವಾಗಿಯೂ ಒಂದು ಮರ ತೋರಿಸಿದರು. ಆ ಹುಡುಗಿ ಜಾಣೆ. ಮರಕ್ಕೆ ಟೇಪು ಹಿಡಿದಳು, ಬಂಡೆಯ ಕೆಳಗೆ ಡ್ರಮ್ಮು ಇಟ್ಟಳು, ಲೆಕ್ಕ ಹಾಕಿದಳು. ಆಮೇಲೆ ಫೋನಿನಲ್ಲಿ ಎರಡು ಬಗೆಯ ಚಕ್ರ ತೋರಿಸಿದಳು. ಒಂದಕ್ಕೆ ಎತ್ತರ ಕಡಿಮೆ ಸಾಕು, ನೀರು ಜಾಸ್ತಿ ಬೇಕು. ಇನ್ನೊಂದಕ್ಕೆ ನೀರು ಸ್ವಲ್ಪ ಸಾಕು, ಎತ್ತರ ಬೇಕು. ಅದರ ಅಂಚಿನ ಸುತ್ತ ಜೋಡಿ ಬಟ್ಟಲುಗಳಿದ್ದವು. ಭಾವ ಫೋನನ್ನು ಕಣ್ಣಿನ ಹತ್ತಿರ ಹಿಡಿದರು.

"ಎರಡೆರಡು ಗಿಟುಕು ಜೋಡಿಸಿದಂಗೈತೆ," ಎಂದರು. ಒಡೆದ ಕೊಬ್ಬರಿಯ ಹೋಳು ಅಷ್ಟು ನೀಟಾಗಿರುವುದನ್ನು ಕಂಡು ಅವರಿಗೆ ಸಂತೋಷವಾದ ಹಾಗಿತ್ತು.

ಆಮೇಲೆ ನಯನ ಒಂದು ತೊಡಕು ಹೇಳಿದಳು. ಕರೆಂಟು ಬಳಸಿದರೂ ಬಳಸದಿದ್ದರೂ ಚಕ್ರದ ಮೇಲೆ ಭಾರ ಇರಲೇಬೇಕು, ಇಲ್ಲದಿದ್ದರೆ ಅದು ಹುಚ್ಚಾಪಟ್ಟೆ ಓಡಿ ಕೆಡುತ್ತದೆ. ಅದಕ್ಕೆ ಮಿಕ್ಕ ಕರೆಂಟನ್ನು ಒಂದು ಹೀಟರಿಗೆ ಬಿಟ್ಟು ಸುಮ್ಮನೆ ಸುಡಬೇಕು. "ಎಲ್ಲರೂ ಇದನ್ನ ಕೇಳಿ ವೇಸ್ಟು ಅಂತಾರೆ ಸರ್," ಎಂದಳು.

"ಆ ಹೀಟರ್‌ನ ಎಲ್ಲಿ ಬೇಕಾದ್ರೂ ಇಡಬೌದಾ?" ಎಂದು ಭಾವ ಕೇಳಿದರು.

"ಇಡಬಹುದು."

"ರಾತ್ರಿ ಹಗಲು ಕಾಯ್ತಿರ್ತದಾ?"

"ನೀರು ಬೀಳೋವರೆಗೂ."

ಭಾವ ತಲೆಯಾಡಿಸಿದರು. ನನ್ನ ಬುದ್ಧಿಗೆ ಆಗಲೂ ಏನೂ ಹೊಳೆಯಲಿಲ್ಲ. ನಾನು ಪೈಪಿನ ಉದ್ದ ಲೆಕ್ಕ ಹಾಕುತ್ತಿದ್ದೆ.

ಆರ್ಡರು ಕೊಡುತ್ತಾರೆ ಎಂದುಕೊಂಡರೆ, "ಒಂದು ವರ್ಷ ನೀರು ನೋಡಾನ. ಈ ಸಲ ಮಳೆ ಜೋರು. ಇದನ್ನೇ ನಂಬ್ಕಂಡು ಚಕ್ರ ತಂದ್ರೆ, ಮುಂದಿನ ಸಲ ನೀರು ಕಮ್ಮಿ ಬಿದ್ರೆ?" ಎಂದರು. ಈಗಿನ ಅಳತೆಯೇ ಸಾಕು, ಕಮ್ಮಿ ನೀರಿಗೂ ಆ ಚಕ್ರ ತಿರುಗುತ್ತದೆ ಎಂದು ನಯನ ಹೇಳಿದಳು. ತಾಳಿದವನು ಬಾಳಿಯಾನು ಎಂದರು ಭಾವ. ಆ ಗಾದೆ ಮಾಡಿದವನೂ ಕೊಬ್ಬರಿಯವನೇ ಇರಬೇಕು.

ಅವರು ತಾಳಿದರು. ಮುಂದಿನ ಮಳೆಗಾಲ ಪೂರ್ತಿ ಬಂಡೆಯ ಕೆಳಗೆ ಡ್ರಮ್ಮು ಹಿಡಿದರು. ಇವರು ಅಲ್ಲಿ ನೀರು ತುಂಬಿಸುತ್ತಿದ್ದಾಗ ಅಕ್ಕ ಇಲ್ಲಿ ಇನ್ನೊಂದು ಮಳೆಗಾಲದ ಹೊಗೆ ತುಂಬಿಕೊಂಡಳು. ಹಸ್ತ ಮಳೆಯಲ್ಲಿ ಒಂದು ಬೆಳಿಗ್ಗೆ ಉಸಿರು ಸಿಕ್ಕಿಹಾಕಿಕೊಂಡು ಅಟ್ಟದ ಕೆಳಗೇ ಕುಸಿದಳು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದ್ದರು. ಅವಳನ್ನು ಹಾಗೆ ನೋಡಿದೆ. ಹೊರಗೆ ಬಂದವನೇ ಭಾವನ ಮೇಲೆ ಕೂಗಾಡಿದೆ.

"ಅಕ್ಕ ಇಲ್ಲಿ ಸಾಯ್ತಾವ್ಳೆ, ನೀವು ಡ್ರಮ್ಮಲ್ಲಿ ನೀರ್ ಹಿಡ್ಕಂಡು ಕೂತಿದೀರ! ಯಾವ ಸುಖಕ್ಕೆ ಬೇಕ್ರೀ ನಿಮಗೆ ಆ ಟರ್ಬೈನು?"

ಭಾವ ಬೆಂಚಿನ ಮೇಲೆ ಕೂತಿದ್ದರು. "ಅಟ್ಟದ ಕೆಳಗೆ ಆ ಹೀಟರ್ ಇಡಾನ ಅಂತ ಕಣಪ್ಪ," ಎಂದರು. "ಹೊಗೆ ಇರಲ್ಲವಲ್ಲ. ಕೆಇಬಿ ಕರೆಂಟು ಗಾಳಿ ಬೀಸಿದ್ರೆ ಹೋಯ್ತದೆ. ಬಂಡೆ ನೀರು ಹಂಗಲ್ಲ, ತಂಡಿ ಜಾಸ್ತಿ ಆದಷ್ಟೂ ಜಾಸ್ತಿ ಬೀಳ್ತದೆ."

"ಹೇಳೋಕೇನಾಗಿತ್ತು?"

"ಅವಳಿಗೆ ಆಸೆ ಹುಟ್ಸಿ, ಚಕ್ರ ತಿರುಗದೇ ಹೋದ್ರೆ ಅಂತ ಸುಮ್ನಿದ್ದೆ," ಎಂದರು. ಆಮೇಲೆ, "ನಾನು ಇದನ್ನೂ ಕೊಬ್ಬರಿ ಅನ್ಕಂಡೆ," ಎಂದರು.

ನನಗೆ ಅಳು ಬಂತು. ಅವರ ಪಕ್ಕದಲ್ಲೇ ಕೂತು ಅತ್ತೆ. ಬೈಗುಳ ಇನ್ನೂ ಬೇಕಾದಷ್ಟು ಉಳಿದಿತ್ತು.

ಮಾರನೆಯ ದಿನ ಭಾವ ಮನೆಗೆ ಹೋಗಿ ಅಟ್ಟದ ಕೆಳಗಿನ ಬೆಂಕಿಗೆ ಒಂದು ಕೊಡ ನೀರು ಸುರಿದು ಬಂದರು. ಆ ವರ್ಷದ ಕಾಯಿ ಕೊಳೆತವು. ವಾಸನೆ ರಸ್ತೆಗೆ ಬರುತ್ತಿತ್ತು. ಅಕ್ಕ ಆಸ್ಪತ್ರೆಯಿಂದ ಬಂದವಳು ಕಾಯಿಗಾಗಿ ಅತ್ತಳು. ಭಾವ ಅಷ್ಟನ್ನೂ ಗಾಡಿಗೆ ತುಂಬಿಸಿ ಗೊಬ್ಬರದ ಗುಂಡಿಗೆ ಹಾಕಿಸಿದರು. ಟರ್ಬೈನು ಬೇಸಿಗೆಯಲ್ಲೇ ಬಂತು. ಗಿಟುಕಿನ ಚಕ್ರವೇ. ಅಟ್ಟಕ್ಕೆ ಹೊಸ ಕಾಯಿ ಏರಿದವು. ಪೈಪು ನನ್ನ ಅಂಗಡಿಯದು.

ಮೊನ್ನೆ ಉತ್ತರೆ ಮಳೆಯಲ್ಲಿ ಅದು ತಿರುಗುವುದನ್ನು ನೋಡಲು ಹೋಗಿದ್ದೆ. ಭಾವ ನನಗೆ ಬಂಡೆ ತೋರಿಸಿದರು. ನೀರೆಲ್ಲ ಪೈಪಿನಲ್ಲಿ ಇಳಿಯುತ್ತಿದ್ದರಿಂದ ಫಾಲ್ಸ್ ಈಗ ಬರೀ ಒದ್ದೆ ಬಂಡೆ. ಶಂಭಣ್ಣನ ಹೆಸರು ಬದಲಾಯಿಸಬೇಕಾಗುತ್ತದೆ ಎಂದೆ. ಅವರು ನಗಲಿಲ್ಲ. ಇಬ್ಬರೂ ಮನೆಗೆ ಬಂದೆವು.

ಹೊಸ್ತಿಲ ಹತ್ತಿರ ಭಾವ ನಿಂತುಬಿಟ್ಟರು. ಎಷ್ಟೋ ವರ್ಷದಿಂದ ಅವರು ಹಾಗೆಯೇ. ತೋಟದಿಂದ ಬಂದು ಹೊಸ್ತಿಲಲ್ಲಿ ನಿಂತು ಕೆಮ್ಮು ಎಲ್ಲಿಂದ ಕೇಳುತ್ತದೆ ಎಂದು ನೋಡಿ, ಅಡುಗೆಮನೆಗೋ ಹಿತ್ತಿಲಿಗೋ ಹೋಗುತ್ತಿದ್ದರು. ಅವತ್ತು ಮನೆಯೊಳಗೆ ಏನೂ ಕೇಳಲಿಲ್ಲ. ಭಾವ ಕೆಸರುಗಾಲಲ್ಲೇ ನಡುಮನೆ ದಾಟಿ, "ವಿಮಲಾ! ವಿಮಲಾ!" ಎಂದು ಕೂಗುತ್ತ ಓಡಿದರು. ನಾನೂ ಹಿಂದೆ ಓಡಿದೆ.

ಅಕ್ಕ ಅಟ್ಟದ ಕೆಳಗೆ, ಹೀಟರಿನ ಪಕ್ಕ ಮಣೆ ಹಾಕಿಕೊಂಡು ಸೊಪ್ಪು ಸೋಸುತ್ತ ಕೂತಿದ್ದಳು.

"ಇಲ್ಲೇ ಇದೀನಿ ಕಣ್ರೀ. ಯಾಕಂಗೆ ಬಡ್ಕತೀರಾ?"

ಭಾವ ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದರು. "ಕೆಮ್ಮು ಕೇಳ್ಸಲಿಲ್ಲ," ಎಂದರು.

ಅಕ್ಕ ಸೊಪ್ಪನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಬೇಕಾದ್ರೆ ಕೆಮ್ತೀನಿ, ಕೂತ್ಕಳಿ."

"ಬ್ಯಾಡ, ಬ್ಯಾಡ," ಎಂದರು ಭಾವ.

ಅವರು ಇಷ್ಟು ಬೇಗ ಯಾವ ಮಾತಿಗಾದರೂ ಉತ್ತರ ಕೊಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.