ರಂಗೋಲಿ ಪುಡಿಯ ಒನಕೆಗಳು

ಆಗೆಲ್ಲ ನಮ್ಮ ಕಡೆ ರಂಗೋಲಿ ಪುಡಿ ಪಾಕೀಟಿನಲ್ಲಿ ಬರುತ್ತಿರಲಿಲ್ಲ. ನಮ್ಮೂರು ಕಳ್ಳಕವಟಗಿಯ ಹೊರಗೆ, ಕಾಕಾನ ಶೆಡ್ಡಿನಲ್ಲಿ ಬಿಳಿ ಬೆಣಚುಕಲ್ಲು ಕುಟ್ಟಿ ಮಾಡುತ್ತಿದ್ದರು. ಯಂತ್ರ ರಾಯಚೂರು ಕಡೆಯ ಮುಚ್ಚಿದ ಗಣಿಯದು. ಬ್ರಿಟಿಷರ ಕಾಲದಲ್ಲಿ ಚಿನ್ನದ ಕಲ್ಲು ಪುಡಿ ಮಾಡಿದ್ದು. ಕಾಕಾ ಗುಜರಿಯಲ್ಲಿ ಚೌಕಾಶಿ ಮಾಡಿ ತಂದಿದ್ದ. ಆಳೆತ್ತರದ ಐದು ಕಬ್ಬಿಣದ ಒನಕೆ. ಡೀಸೆಲ್ ಎಂಜಿನ್ನು ಎತ್ತುತ್ತಿತ್ತು, ತಮ್ಮ ಭಾರಕ್ಕೆ ತಾವೇ ಒರಳಿಗೆ ಬೀಳುತ್ತಿದ್ದವು. ಸುಟ್ಟ ಎಣ್ಣೆಯ ವಾಸನೆ. ರೊಟ್ಟಿಯ ಮೇಲೂ ಬಿಳಿ ಧೂಳು.

"ಏನ್ ಬೇ, ಇವತ್ತರ ಬಂಗಾರ ಬಿತ್ತೇನ?" ಎಂದು ನೀರಿಗೆ ಹೋಗುವವರು ಚೇಷ್ಟೆ ಮಾಡುತ್ತಿದ್ದರು.

"ಬಿದ್ದದ, ಹಲ್ಲಾಗ ಸಿಕ್ಕೊಂಡದ" ಎನ್ನುತ್ತಿದ್ದಳು ಕಲ್ಲು ಹಾಕುವ ಕಾಶೀಬಾಯಿ ಅತ್ತಿ.

ಒರಳು ಮಾತ್ರ ಬರಿದಾಗಬಾರದು. ಬರೀ ಕಬ್ಬಿಣಕ್ಕೆ ಒನಕೆ ಬಿದ್ದರೆ ತಳ ಸೀಳುತ್ತದೆ. ಒಮ್ಮೆ ಸೀಳಿ ಕೆಲಸ ನಿಂತು, ಮಳೆಗಾಲವಿಡೀ ನಮ್ಮ ಒಲೆ ಹೊತ್ತಿದ್ದೇ ಕಷ್ಟದಿಂದ. ಅದಕ್ಕೇ ಇನ್ನೊಬ್ಬರು ಬಂದು ಒಂದು ಬೊಗಸೆ ಹಾಕುವತನಕ ಅಲ್ಲಿದ್ದವರು ಜಾಗ ಬಿಡುವಂತಿರಲಿಲ್ಲ.

ನನ್ನ ಮುಲ್ಕಿ ಪರೀಕ್ಷೆ, ಏಳನೆಯ ಇಯತ್ತೆಯದು, ತಿಕೋಟಾದಲ್ಲಿತ್ತು; ಅದು ಪಾಸಾದರೇ ಎಂಟನೆಯ ತರಗತಿ. ಬೆಳಗಿನ ಬಸ್ಸು ತಪ್ಪಿದರೆ ಮುಗಿಯಿತು. ಎಣ್ಣೆ ಹಚ್ಚಿ ಬಿಗಿದ ಜಡೆಯಲ್ಲಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಎಂಜಿನ್ ನಿಲ್ಲಿಸಲು ಬರುತ್ತಿದ್ದುದು ಕಾಕಾನೊಬ್ಬನಿಗೇ. ಅವನು ಯಾರದೋ ಲಾರಿ ಹತ್ತಿ ವಿಜಾಪುರಕ್ಕೆ ಹೋಗಿದ್ದ.

ಅತ್ತಿ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ಆ ಕಂಡಕ್ಟರ್ ಕೈ ಮಾಡಿದ್ರ ನಿಲ್ಲಸಂಗಿಲ್ಲ. ನಾ ಅಡ್ಡ ನಿಂತು ನಿಲ್ಲಸ್ತೀನಿ. ಅಲ್ಲೀತನಕ ನೀ ಕಲ್ಲ ಹಾಕ್ತಿರು."

ಶೆಡ್ಡಿನಿಂದ ಕಾಣುವ ರಸ್ತೆಗೆ ಬಸ್ಸು ಬಂತು, ನಿಂತಿತು. ಅತ್ತಿ ಮೆಟ್ಟಿಲಿಗೆ ಒಂದು ಕಾಲಿಟ್ಟು 'ಬಾ ಬಾ' ಎಂದು ಕೈ ಬೀಸಿದಳು. ಒಂದು ಕೈಯಲ್ಲಿ ಕಲ್ಲು ಸುರಿಯುತ್ತ, ಇನ್ನೊಂದರಲ್ಲಿ ನಾನೂ ಅವಳನ್ನು 'ಬಾ ಬಾ' ಎಂದು ಕರೆದೆ. ಒನಕೆಗಳ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ನಾನು ಹೊರಟೆನೆಂದೇ ತಿಳಿದು ಅವಳು ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಳು. ಕೈ ಖಾಲಿಯಾಗುತ್ತಿತ್ತು, ತುಂಬಿಕೊಳ್ಳುತ್ತಿದ್ದೆ, ಮತ್ತೆ ಸುರಿಯುತ್ತಿದ್ದೆ. ಕೊನೆಗೆ ಬಸ್ಸು ಹೋಯಿತು.

ಅತ್ತಿ ಏದುಸಿರು ಬಿಡುತ್ತ ಬಂದಳು. "ಯಾಕ ಬರಲಿಲ್ಲ ಬೇ? ಎಷ್ಟ ಕರದ್ನಿ!"

"ಒರಳ ಬಿಟ್ಟು ಹೆಂಗ ಬರ್ಲಿ ಅತ್ತಿ? ನೀ ಅಲ್ಲಿ ನಿಂತಿ!"

ಅತ್ತಿ ಹಣೆ ಚಚ್ಚಿಕೊಂಡಳು. ಆಮೇಲೆ ಒಂದು ಬೊಗಸೆ ಕಲ್ಲು ಹಾಕಿ, "ಈಗ ಬಿಡು, ಯವ್ವಾ" ಎಂದಳು. ಬಿಟ್ಟೆ. ಹೋಗುವುದಕ್ಕೆ ಜಾಗವೇ ಉಳಿದಿರಲಿಲ್ಲ.

ಮುಂದಿನ ವರ್ಷ ಪರೀಕ್ಷೆಗೆ ಕೂಡ್ರು ಎಂದರು ಮನೆಯಲ್ಲಿ. ಅದು ಬರುವಷ್ಟರಲ್ಲಿ ಕಲ್ಲು ಹಾಕುವ ಜಾಗ ನನ್ನದೇ ಆಗಿತ್ತು. ಅಲ್ಲಿಂದ ಪುಡಿ ಮಾರುವುದಕ್ಕೆ, ಮಾರುವುದರಿಂದ ವಿಜಾಪುರದ ಸ್ವಂತ ಅಂಗಡಿಗೆ ಬಂದೆ. ನಿಮಗೂ ಹೇಳುತ್ತೇನೆ: ಬೇರೆಯವರ ಕೆಲಸ ಕೈಗೆ ತೆಗೆದುಕೊಳ್ಳುವ ಮೊದಲು, ನನ್ನನ್ನು ಯಾವಾಗ ಬಂದು ಬಿಡಿಸುತ್ತೀರಿ ಎಂದು ಕೇಳಿರಿ. ನಿಮ್ಮ ಮೇಲೆ ಪ್ರೀತಿ ಇದ್ದವರಾದರೆ ಎರಡು ಸಲ ಕೇಳಿರಿ.

ಈಗ ಆ ಶೆಡ್ಡಿಲ್ಲ, ಅತ್ತಿಯೂ ಇಲ್ಲ. ಕಲ್ಲು ಒಡೆಯುವ ಯಂತ್ರಗಳು ಗುಂಡಿ ಒತ್ತಿದರೆ ನಿಲ್ಲುತ್ತವೆ. ಎಂಥ ವ್ಯಾಪಾರಿಯನ್ನೂ ನಾನು ಮಾತಿನಲ್ಲಿ ಸೋಲಿಸುತ್ತೇನೆ. ಮೊಮ್ಮಗಳು ಎಂಟನೆಯ ತರಗತಿಯ ಪುಸ್ತಕ ತಂದು ಪಕ್ಕದಲ್ಲಿ ಕೂತಾಗ ಮಾತ್ರ, "ಗಿರಾಕಿ ಬಂದಾರ, ನಿಮ್ಮಪ್ಪನ್ನ ಕೇಳು ಹೋಗು" ಎಂದು ಎದ್ದುಬಿಡುತ್ತೇನೆ.