ಹೊಂಗೆ ಮರಕ್ಕೆ ಮುಯ್ಯಾಳು

ನಮ್ಮ ಕಾಲೇಜಿನಲ್ಲಿ ಎಲ್ಲವೂ ಇತ್ತು, ಹುಡುಗಿಯರು ಕೂರುವುದಕ್ಕೆ ಒಂದು ಜಾಗ ಮಾತ್ರ ಇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಕಡೂರಿನ ಅಂಚಿನಲ್ಲಿ, ರೈಲಿನಲ್ಲಿ ಹೋಗುವವರಿಗೆ ಕಾಣುವ ಹಾಗೆ, ಗರಸು ನೆಲದ ಮೇಲೆ ಕಟ್ಟಿದ ಹೊಸ ಕಟ್ಟಡ ನಮ್ಮದು. ಹುಡುಗರಿಗೆ ಮೈದಾನವಿತ್ತು, ಗೇಟಿನಾಚೆ ಟೀ ಅಂಗಡಿಯಿತ್ತು, ಎರಡೂ ಬೇಜಾರಾದರೆ ಊರೆಲ್ಲ ಅವರದೇ. ಮೇಷ್ಟ್ರುಗಳಿಗೆ ಸ್ಟಾಫ್ ರೂಮು. ಬೆರಳೆಣಿಕೆಯಷ್ಟಿದ್ದ ನಾವು ಹುಡುಗಿಯರು ಬೆಲ್ ಹೊಡೆದ ಕೂಡಲೇ ಪುಸ್ತಕ ಎದೆಗವಚಿಕೊಂಡು ಕಟ್ಟಡದ ಹಿಂದಕ್ಕೆ ಹೋಗಿ, ಅಲ್ಲಿ ಒತ್ತೊತ್ತಾಗಿ ನಿಂತಿದ್ದ ಮೂರು ಹೊಂಗೆ ಮರಗಳ ಕೆಳಗೆ ಕೂರುತ್ತಿದ್ದೆವು. ಊಟ, ಓದು, ಜಗಳ, ಒಂದು ಸಣ್ಣ ನಿದ್ದೆ, ಎಲ್ಲ ಅಲ್ಲೇ ಆಗುತ್ತಿತ್ತು. ಹೂ ಬಿಡುವ ಕಾಲದಲ್ಲಿ ಮೊಸರನ್ನದ ಡಬ್ಬಿಯೊಳಕ್ಕೆ ಹೂ ಉದುರುತ್ತಿತ್ತು, ತೆಗೆದು ಹಾಕಿ ತಿನ್ನುತ್ತಿದ್ದೆವು.

ನಾನು ಅಜ್ಜಂಪುರದಿಂದ ಬರುತ್ತಿದ್ದವಳು. ಬೆಳಗಿನ ರೈಲು ತನಗೆ ಮನಸ್ಸು ಬಂದಾಗ ಬರುತ್ತಿತ್ತು, ಸಂಜೆಯ ರೈಲು ಮನಸ್ಸು ಬಂದರೆ. ನನ್ನ ಗೆಳತಿಯದು ಸಖರಾಯಪಟ್ಟಣದ ಕಡೆಯ ಹಳ್ಳಿ. ಅವಳ ತರಗತಿ ಮಧ್ಯಾಹ್ನಕ್ಕೇ ಮುಗಿದರೂ ಅವಳ ಊರಿನ ಬಸ್ಸು ಹೊತ್ತಿಳಿದ ಮೇಲೇ ಹೊರಡುತ್ತಿದ್ದದ್ದು. ಅಪ್ಪನಿಲ್ಲದ ಮನೆ, ಅಣ್ಣನೇ ಯಜಮಾನ. ಕಾಲೇಜಿಗೆ ಸೇರಿಸುವಾಗ ಆತ ಹಾಕಿದ್ದು ಒಂದೇ ಷರತ್ತು. "ಬಸ್‌ಸ್ಟ್ಯಾಂಡ್‌ನಾಗೆ ನಿಂತಿದ್ದೆ ಅಂತ ನನ್ ಕಿವಿಗೆ ಬಿತ್ತೋ, ಅವತ್ತೇ ಕಾಲೇಜಿಗೆ ಕೈ ಮುಗಿದು ಮನೆಗೆ ಬಾ." ಕೆಟ್ಟವನಲ್ಲ, ತಂಗಿಯೆಂದರೆ ಜೀವ ಬಿಡುವವನೇ. ಆದರೆ ಬಸ್‌ಸ್ಟ್ಯಾಂಡ್ ಪೋಲಿಗಳ ವಿಷಯ ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಹಾಗಾಗಿ ಅವಳ ಬಿ.ಎ. ಪದವಿ ನಿಂತಿದ್ದದ್ದೇ ಆ ಮರಗಳ ಬುಡದಲ್ಲಿ. ಮರ ಹೋದರೆ ಬಸ್ಸಿಗೆ ಕಾಯುವುದಕ್ಕೆ ಬೇರೆ ಜಾಗವಿಲ್ಲ, ಜಾಗವಿಲ್ಲದಿದ್ದರೆ ಕಾಲೇಜಿಲ್ಲ. ಇದು ನಮಗೆಲ್ಲ ಗೊತ್ತಿದ್ದ ಲೆಕ್ಕ.

ಆ ವರ್ಷ ಎಲ್ಲೆಲ್ಲೂ ಗಿಡ ನೆಡುವ ಹುರುಪು. ಅರಣ್ಯ ಇಲಾಖೆಯಿಂದ ಲಾರಿಯಲ್ಲಿ ನೀಲಗಿರಿ ಸಸಿಗಳು ಬಂದು ಕಾಲೇಜಿನ ವರಾಂಡದಲ್ಲಿ ಇಳಿದವು. ಕಡ್ಡಿಯಂಥ ಗಿಡ, ತುದಿಗೆ ನಾಲ್ಕು ಎಲೆ, ಹಿಡಿಯಷ್ಟು ಮಣ್ಣಿನ ಚೀಲ. ಕಾಲೇಜಿನ ಹಿಂದಿನ ಬಯಲನ್ನೆಲ್ಲ ನೀಲಗಿರಿ ತೋಪು ಮಾಡಬೇಕು, ನೂಲು ಹಿಡಿದ ಹಾಗೆ ಸಾಲು ಬರಬೇಕು, ರೈಲಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ಭಲೇ ಅನ್ನಬೇಕು ಎಂಬುದು ನಮ್ಮ ಪ್ರಿನ್ಸಿಪಾಲರ ಆಸೆ. ಬೆಂಗಳೂರು ಪೇಟೆಯಲ್ಲಿ ಬೆಳೆದ ಶಿಸ್ತಿನ ಮನುಷ್ಯ ಅವರು. ಬೋರ್ಡಿನ ಮೇಲೆ ಅಡ್ಡಗೆರೆ ಸೊಟ್ಟಗಾದರೂ ಒರೆಸಿ ಮತ್ತೆ ಎಳೆಯುತ್ತಿದ್ದರು. ಗುಂಡಿ ತೋಡುವ ಕೆಲಸ ಸೇವಾ ಘಟಕದ ಹುಡುಗರಿಗೆ ಬಿತ್ತು. ಹುಡುಗಿಯರ ಪಾಲಿಗೆ ಬಂದದ್ದು ಪಾನಕ ಮಾಡಿ ಕೊಡುವ ಸೇವೆ. ಹಗ್ಗ ಹಿಡಿದು ಸುಣ್ಣದ ಗುರುತು ಹಾಕಿಕೊಂಡು ಬಂದರೆ, ಕೊನೆಯ ಸಾಲು ನೆಟ್ಟಗೆ ಬಂದು ನಮ್ಮ ಹೊಂಗೆ ಮರಗಳಿಗೇ ಗುದ್ದಿತು.

ಘಟಕದ ಮುಂದಾಳು ಕಡೂರಿನ ತೆಂಗಿನ ತೋಟದ ಮನೆಯ ಹುಡುಗ. ಅವನೇ ಬಂದು, ನಮ್ಮ ಮುಖ ನೋಡದೆ, ಮರದ ಕೊಂಬೆಗೆ ಹೇಳುವವನ ಹಾಗೆ ಹೇಳಿದ. "ಗಿಡ ನೆಡೋ ಸಮಾರಂಭಕ್ಕೆ ಅಧಿಕಾರಿಗಳು ಬರೋಕೆ ಮುಂಚೆ ಈ ಮರ ತೆಗೀಬೇಕಂತೆ ಕಣ್ರೀ. ನೀವೆಲ್ಲ ಬೇರೆ ಕಡೆ ಕೂತ್ಕೊಳ್ಳಿ."

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. "ಎಲ್ಲಿ ಕೂತ್ಕೊಳ್ಳೋಣ, ನಿಮ್ ತಲೆ ಮೇಲಾ?" ಅಂದೆ. "ಮರ ನೆಡೋಕೆ ಅಂತ ಮರ ಕಡೀತಾರಂತೆ! ನಾಳೆ ಮನೆ ಕಟ್ಟೋಕೆ ಅಂತ ಮನೆ ಕೆಡವ್ತೀರೇನು?"

"ನನ್ನೇನ್ರೀ ಬೈತೀರಾ, ಸಾರ್ ಹೇಳಿದ್ದು" ಎಂದು ಅವನು ಹಿಂದೆ ಸರಿದ. ಅವನ ಮುಖದಲ್ಲಿ ಬೇರೆಯೇ ಚಿಂತೆ ಇತ್ತು. ಹುಡುಗರು ದಿನವೆಲ್ಲ ಬೆವರು ಸುರಿಸಿದರೂ ಗುಂಡಿಗಳು ಮುಗಿಯುತ್ತಿರಲಿಲ್ಲ. ಗರಸು ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಒಂದೊಂದು ಗುಂಡಿಗೂ ಇಬ್ಬರು ಎದೆಯವರೆಗೆ ಇಳಿದು ಮಣ್ಣೆತ್ತುತ್ತಿದ್ದರು. ಸಮಾರಂಭ ಹತ್ತಿರ ಬರುತ್ತಿತ್ತು, ಅರ್ಧ ಬಯಲು ಹಾಗೇ ಉಳಿದಿತ್ತು.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಗೆಳತಿ ಆಗ ಕೇಳಿದಳು. "ಆಳು ಸಾಲ್ದಾ ನಿಮ್ಗೆ? ನಾವು ಮುಯ್ಯಾಳು ಬರ್ತೀವಿ."

ನಮ್ಮ ಕಡೆಯವರಿಗೆ ಆ ಮಾತಿನ ತೂಕ ಗೊತ್ತು. ನಾನು ನಿಮ್ಮ ಹೊಲಕ್ಕೆ ಬಂದು ಒಂದು ದಿನ ದುಡಿದರೆ ನೀವು ನನ್ನ ಹೊಲಕ್ಕೆ ಬಂದು ಒಂದು ದಿನ ದುಡಿಯಬೇಕು. ಕೂಲಿಯ ಮಾತಿಲ್ಲ, ಸಾಕ್ಷಿ ಬೇಕಿಲ್ಲ. ಯಾವತ್ತು, ಯಾವ ಕೆಲಸಕ್ಕೆ ಎಂದು ಮೊದಲೇ ಕೇಳುವಂತಿಲ್ಲ, ಕರೆದ ದಿನ ಹೋಗಬೇಕು. ಮುಯ್ಯಿ ತೀರಿಸದ ಮನೆಯವರನ್ನು ಊರಿನಲ್ಲಿ ಮದುವೆಗೆ ಕರೆಯುತ್ತಾರೆ, ಆದರೆ ಅವರ ಕಣಕ್ಕೆ ಯಾರೂ ಕಾಲಿಡುವುದಿಲ್ಲ.

"ಹೆಣ್ಮಕ್ಳು ಗುಂಡಿ ತೆಗೀತೀರಾ?" ಎಂದು ಅವನು ನಕ್ಕ.

"ನಿಮ್ಮನೇಲಿ ಶೇಂಗಾ ಕೀಳೋರು ಯಾರು, ರಾಗಿ ಕುಯ್ಯೋರು ಯಾರು?" ಎಂದಳು ಅವಳು. ಅವನು ನಗು ನಿಲ್ಲಿಸಿ ಹಾರೆ ತಂದುಕೊಟ್ಟ.

ಮರುದಿನ ನಾವು ಲಂಗ ಎತ್ತಿ ಕಟ್ಟಿ, ದಾವಣಿಯನ್ನು ಸೊಂಟಕ್ಕೆ ಬಿಗಿದು ಬಯಲಿಗಿಳಿದೆವು. ಮೊದಮೊದಲು ಹುಡುಗರು ನಾಚಿಕೊಂಡು ಅತ್ತ ಮುಖ ಮಾಡಿ ಅಗೆದರು. ಆಮೇಲೆ ನಾಚಿಕೆಯೆಲ್ಲ ಮಣ್ಣಿನ ಜೊತೆ ಹೊರಗೆ ಹೋಯಿತು. ನಾನು ಗುದ್ದಲಿ ಎತ್ತಿದರೆ ಅಕ್ಕಪಕ್ಕದವರು ಹತ್ತು ಮಾರು ದೂರ ಓಡುತ್ತಿದ್ದರು. ಅಮೃತಾಪುರದ ಹುಡುಗಿಯೊಬ್ಬಳು ಮಣ್ಣಿನ ಪುಟ್ಟಿ ಹೊತ್ತು ಹೊರಟಳೆಂದರೆ ಅವಳಿಗೆ ಸಮನಾಗಿ ನಡೆಯುವ ಗಂಡಸು ಆ ಬಯಲಿನಲ್ಲಿರಲಿಲ್ಲ. ಕಾಲೇಜು ಸೇರಿದ ಮೇಲೆ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ. ಅಂಗೈ ಬೊಬ್ಬೆ ಎದ್ದು ರಾತ್ರಿ ಊಟಕ್ಕೆ ಕೈ ಬಾಗದಿದ್ದರೂ ಬೆಳಗಾದರೆ ರೈಲಿಗೆ ಎಲ್ಲರಿಗಿಂತ ಮುಂಚೆ ಓಡುತ್ತಿದ್ದೆ.

ಸುದ್ದಿಗೆ ಬಸ್ಸು ಬೇಕಿಲ್ಲವಲ್ಲ. ಹುಡುಗರ ಜೊತೆ ಲಂಗ ಎತ್ತಿ ಕಟ್ಟಿ ಗುಂಡಿ ತೋಡುತ್ತಾಳಂತೆ ಎಂಬ ಮಾತು ಸಖರಾಯಪಟ್ಟಣದ ಸಂತೆ ದಾಟಿ ಗೆಳತಿಯ ಹಳ್ಳಿಗೆ ಹೋಯಿತು. ಸಮಾರಂಭದ ಹಿಂದಿನ ದಿನ, ಕೊನೆಯ ಗುಂಡಿಗಳಲ್ಲಿ ನಾವು ಮುಳುಗಿದ್ದಾಗ, ಬಿಳಿ ಪಂಚೆ ಎತ್ತಿ ಕಟ್ಟಿದ ಅವಳ ಅಣ್ಣ ಬಯಲಿಗೆ ಅಡ್ಡಲಾಗಿ ದಾಪುಗಾಲು ಹಾಕಿಕೊಂಡು ಬಂದ. ಗೆಳತಿ ಗುಂಡಿಯೊಳಗೇ ನಿಂತಳು, ಮೇಲಕ್ಕೆ ಅವಳ ತಲೆ, ಹೆಗಲು ಮಾತ್ರ ಕಾಣುತ್ತಿತ್ತು.

"ಹತ್ತು ಮೇಲೆ" ಎಂದ ಅಣ್ಣ. "ಓದೋಕೆ ಕಳ್ಸಿದ್ರೆ ಮಣ್ಣು ಹೊರ್ತಿದೀಯಾ? ಪುಸ್ತಕ ಎತ್ಕೊ, ನಡಿ ಮನೆಗೆ."

"ಮುಯ್ಯಿ ಅಣ್ಣಯ್ಯ" ಎಂದಳು ಅವಳು, ಸಣ್ಣ ದನಿಯಲ್ಲಿ. "ಅರ್ಧಕ್ಕೆ ಬಿಟ್ಟು ಹೆಂಗೆ ಬರ್ಲಿ?"

ಮುಯ್ಯಿಗೆ ಬಂದ ಆಳನ್ನು ಅರ್ಧಕ್ಕೆ ಎಬ್ಬಿಸಿಕೊಂಡು ಹೋಗುವ ಅವಮಾನ ಅವನಿಗೂ ಬೇಕಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಗುಂಡಿಯೊಳಕ್ಕೆ ಬಗ್ಗಿ ನೋಡಿದ. ಪಕ್ಕದ ಗುಂಡಿ ನೋಡಿದ. ಸಾಲಿನುದ್ದಕ್ಕೂ ನಡೆದು ಹೋಗಿ ವಾಪಸ್ಸು ಬಂದ.

"ತೆಂಗಿನ ಗುಂಡಿ ಚೆನ್ನಾಗ್ ತೆಗ್ದಿದೀರಾ" ಎಂದ, ಮುಂದಾಳು ಹುಡುಗನಿಗೆ. "ಆದ್ರೆ ಇಷ್ಟು ಹತ್ರ ಹತ್ರ ತೆಂಗು ಹಾಕಿದ್ರೆ ಗರಿ ಎಲ್ಲಿ ಬಿಚ್ಕೋತಾವೆ?"

"ತೆಂಗಲ್ಲಣ್ಣ, ನೀಲಗಿರಿ" ಎಂದ ಹುಡುಗ.

ಅಣ್ಣ ವರಾಂಡದ ಕಡೆ ತಿರುಗಿ ಆ ಕಡ್ಡಿ ಸಸಿಗಳನ್ನು ನೋಡಿದ, ಗುಂಡಿ ನೋಡಿದ, ಎದೆಯವರೆಗೆ ಮಣ್ಣಲ್ಲಿ ನಿಂತ ತಂಗಿಯನ್ನು ನೋಡಿದ. ಆಮೇಲೆ ಬಂತು ನೋಡಿ ನಗು. ನಕ್ಕು ನಕ್ಕು ನಿಲ್ಲಲಾರದೆ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಆಗಲೇ ನಮಗೂ ಹೊಳೆದದ್ದು. ಗೇಣುದ್ದದ ಗಿಡಕ್ಕೆ ಮೊಳಕಾಲಷ್ಟು ಆಳ ಕೂಡ ಬೇಕಿರಲಿಲ್ಲ! ಆದರೆ ನಾವೆಲ್ಲ ತೆಂಗಿನ ಸೀಮೆಯ ಮಕ್ಕಳು. ಗುಂಡಿ ತೆಗೆಯಿರಿ ಅಂದರೆ ನಮ್ಮ ಕೈಗೆ ಬರುತ್ತಿದ್ದದ್ದು ಅದೊಂದೇ ಗುಂಡಿ, ಅದಕ್ಕೆ ಅದೊಂದೇ ಅಳತೆ. ಪ್ರಿನ್ಸಿಪಾಲರು ಸಾಲು ನೆಟ್ಟಗಿದೆಯೇ ಎಂದು ನೋಡುತ್ತಿದ್ದರೇ ಹೊರತು ಆಳ ನೋಡಿರಲಿಲ್ಲ.

"ನಗ್ತೀಯಲ್ಲಣ್ಣ, ನೀನಾಗಿದ್ರೆ?" ಎಂದಳು ಗೆಳತಿ.

"ನಾನಾಗಿದ್ರೆ ಇನ್ನೊಂದು ಮೊಳ ತೆಗೀತಿದ್ದೆ ಕಣೇ" ಎಂದು ಕಣ್ಣೊರೆಸಿಕೊಂಡ.

ಮರುದಿನದ ಸಮಾರಂಭದ ಕಥೆಯನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಬಂದ ಅಧಿಕಾರಿಗಳು ಸಸಿ ನೆಡಲು ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಬೇಕಾಯಿತು. ಅದಾಗದೆ, ಇಬ್ಬರು ಹುಡುಗರು ಅವರ ಎರಡೂ ಕೈ ಹಿಡಿದು ಒಳಗಿಳಿಸಿದರು. ಫೋಟೋದಲ್ಲಿ ಅವರ ಟೋಪಿ ಬಂತು, ಗಿಡ ಬರಲಿಲ್ಲ. ಚಪ್ಪಾಳೆಗೇನೂ ಕಡಿಮೆಯಾಗಲಿಲ್ಲ.

ಹಿಂದಿನ ದಿನಕ್ಕೆ ಬರುತ್ತೇನೆ. ನಕ್ಕು ಸುಸ್ತಾದ ಅಣ್ಣ ಎದ್ದು, ತಂಗಿಯ ಕೈಯಿಂದ ಹಾರೆ ಕಿತ್ತುಕೊಂಡು, "ಗೋಡೆ ಸೊಟ್ಟಗೈತೆ, ಹಿಂಗೆ ಬಿಟ್ರೆ ನಮ್ ಮನೆತನಕ್ಕೆ ಮರ್ಯಾದೆ ಅಲ್ಲ" ಎಂದು ಗುಂಡಿಗಿಳಿದ. ಅದು ಮುಗಿದ ಮೇಲೆ ಪಕ್ಕದ್ದು. ಊಟದ ಹೊತ್ತಿಗೆ ಬಯಲಿನ ಕೆಲಸವೆಲ್ಲ ಮುಗಿದಿತ್ತು. ಆದರೂ ಮನೆಗೆ ಕರೆದುಕೊಂಡು ಹೋಗುವ ಮಾತನ್ನು ಆತ ಹಿಂದೆಗೆದುಕೊಂಡಿರಲಿಲ್ಲ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ನಮ್ಮ ಜೊತೆ ಹೊಂಗೆಯ ಕೆಳಗೆ ಬಂದು ಕೂತ, ನಾವು ಕೊಟ್ಟ ರೊಟ್ಟಿ ತಿಂದ, ಟವೆಲ್ ಹಾಸಿಕೊಂಡು ಒರಗಿದ. ಗೆಳತಿ ಊಟದ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಹೊತ್ತು ಬಾಗುವಾಗ ಪ್ರಿನ್ಸಿಪಾಲರು ಕೊಡಲಿ ಹಿಡಿದ ಹುಡುಗರನ್ನು ಕರೆದುಕೊಂಡು ಬಂದರು. "ಏಳ್ರಮ್ಮಾ ಎಲ್ಲ, ಕತ್ತಲಾಗೋದ್ರೊಳಗೆ ಈ ಮರಗಳು ನೆಲಕ್ಕೆ ಬರಬೇಕು" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗೆಳತಿ ಎದ್ದು ನಿಂತಳು. ಪ್ರಿನ್ಸಿಪಾಲರ ಕಡೆ ನೋಡಲಿಲ್ಲ, ಮುಂದಾಳು ಹುಡುಗನನ್ನೇ ನೋಡಿದಳು. "ನಮ್ ಮುಯ್ಯಿ ಈಗ ಕೇಳ್ತಿದೀವಿ" ಎಂದಳು. "ಈ ಮರಕ್ಕೆ ಕೊಡಲಿ ಹಾಕ್ಬೇಡಿ."

ಹುಡುಗ ಕೊಡಲಿಯ ಕಾವನ್ನು ನೆಲಕ್ಕೂರಿದ. ಹಿಂದಿದ್ದವರೂ ಒಬ್ಬೊಬ್ಬರಾಗಿ ಊರಿದರು.

"ಮುಯ್ಯಿ ಅಂದ್ರೇನ್ರೋ? ಕಾಲೇಜಿನಲ್ಲಿ ಇದೆಲ್ಲ ಏನು?" ಎಂದರು ಪ್ರಿನ್ಸಿಪಾಲರು. ಅವರ ಮುಖ ಕೆಂಪಾಗುತ್ತಿತ್ತು.

ಆಗ ಟವೆಲ್ ಕೊಡವಿಕೊಂಡು ಅಣ್ಣ ಎದ್ದ. "ಸಾಮಿ, ಈ ಹುಡುಗ್ರ ಮೇಲೆ ನಂದೂ ಒಂದು ಮುಯ್ಯಿ ಐತೆ. ನಾನು ಕೇಳೋದೂ ಅದೇ."

"ನೀವ್ಯಾರಪ್ಪಾ?"

"ಇವಳಣ್ಣ. ಕಾಲೇಜು ಬಿಡಿಸ್ಕೊಂಡು ಹೋಗೋಣ ಅಂತ ಬಂದೆ. ಬಸ್‌ಸ್ಟ್ಯಾಂಡ್‌ನಾಗೆ ನಿಂತ್ಕೋಬೇಡ ಅಂತ ಇವಳಿಗೆ ಹೇಳಿದ್ದೆ. ಹಂಗಾದ್ರೆ ದಿನಾ ಎಲ್ಲಿ ಕೂತಿರ್ತಾಳೆ ಅಂತ ನಾನೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ಇವತ್ತು ಬಸ್ಸಿಗೆ ಕಾದು ನೋಡ್ದೆ. ಇದನ್ನ ಕಡಿದ್ರೆ ಈ ಹೆಣ್ಮಕ್ಳು ಎಲ್ಲಿಗೆ ಹೋಗ್ಬೇಕು, ನೀವೇ ಹೇಳಿ."

ಪ್ರಿನ್ಸಿಪಾಲರು ನಮ್ಮ ಕಡೆ ತಿರುಗಿದರು. ಅವರು ನಮ್ಮನ್ನು ಹಾಜರಿ ಕೂಗಲಿಕ್ಕಲ್ಲದೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮಣ್ಣು ಮೆತ್ತಿದ ಲಂಗ, ಬೊಬ್ಬೆಯೆದ್ದ ಕೈ, ಬೇರಿನ ಮೇಲೆ ಸಾಲಾಗಿ ಇಟ್ಟ ಪುಸ್ತಕ, ಡಬ್ಬಿ, ಚಪ್ಪಲಿ. ಕನ್ನಡಕ ತೆಗೆದು ಒರೆಸಿದರು.

"ಸಾಲು ಸೊಟ್ಟ ಆಗುತ್ತಲ್ಲಪ್ಪಾ" ಎಂದರು ಕೊನೆಗೆ, ನಿಜವಾದ ದುಃಖದಲ್ಲಿ.

"ರೈಲಲ್ಲಿ ಹೋಗೋರು ಕತ್ತು ಒಂಚೂರು ಸೊಟ್ಟ ಮಾಡ್ಕೋತಾರೆ ಬಿಡಿ ಸಾರ್" ಎಂದ ಮುಂದಾಳು ಹುಡುಗ. ಪ್ರಿನ್ಸಿಪಾಲರೇ ಮೊದಲು ನಕ್ಕರು, ಕೊಡಲಿಗಳನ್ನು ವಾಪಸ್ಸು ಕಳಿಸಿದರು.

ಈಗಿನ ಕಾಲೇಜುಗಳಲ್ಲಿ ಪರಿಸರ ನ್ಯಾಯ ಎಂಬ ಮಾತು ಬ್ಯಾನರಿನ ಮೇಲೆ ಬರೆದದ್ದು ಕಾಣುತ್ತೇನೆ. ಆ ಪದ ನಮಗೆ ಗೊತ್ತಿರಲಿಲ್ಲ. ಗಿಡ ನೆಡುವವರು, ಅಲ್ಲಿ ಮೊದಲೇ ಕೂತಿರುವವರು ಯಾರು ಎಂದು ಒಮ್ಮೆ ನೋಡಬೇಕು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ನನಗೆ ಈಗಲೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಅಣ್ಣ ತಂಗಿಯರನ್ನು ಬಸ್ಸಿನವರೆಗೆ ಬಿಡಲು ನಾನೂ ಹೋದೆ. ಅವಳ ಪುಸ್ತಕಗಳೆಲ್ಲ ಅವನ ಕಂಕುಳಲ್ಲಿದ್ದವು. ವಾಪಸ್ಸು ತರಬಾರದೆಂದೇ ತೆಗೆದುಕೊಂಡು ಹೋಗುತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಅವಳನ್ನು ಮೊದಲು ಹತ್ತಿಸಿ, ತಾನೂ ಹತ್ತಿ, ಕಿಟಕಿಯ ಪಕ್ಕ ಕೂತ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿದಾಗ ಆತ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೂಗಿದ.

"ಲೇ ತಾಯಿ, ನಾಳೆ ಇವಳು ಬರೋದು ವಸಿ ತಡ ಆಗ್ಬೋದು. ನೆಳ್ಳಾಗೆ ಇವಳ ಜಾಗ ಬಿಟ್ಟಿರು."